ಹಾಲಿನ ಮಿಷಿನ್ನಿಗೆ ಐದಕ್ಕೆ ಐದು

ನಮ್ಮೂರಿನ ಹೆಂಗಸರು ದಿನಕ್ಕೆ ಎರಡು ಸಲ ಪರೀಕ್ಷೆಗೆ ನಿಲ್ಲುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಡೇರಿಯ ಕಟ್ಟೆಯ ಮೇಲೆ ಒಂದು ಮಿಷಿನ್ನು ಕೂತಿರುತ್ತದೆ. ಅದರ ಮೂತಿಗೆ ಹಾಲಿನ ಪುಟ್ಟ ಲೋಟ ಹಿಡಿದರೆ ಕೆಂಪು ದೀಪದಲ್ಲಿ ಒಂದು ನಂಬರು ತೋರಿಸುತ್ತದೆ. ಹಾಲಿನಲ್ಲಿ ಜಿಡ್ಡೆಷ್ಟು, ನೀರೆಷ್ಟು ಎಂಬುದರ ತೀರ್ಪು ಅದು. ನಂಬರು ಇಳಿದರೆ ಹಾಲಿನ ರೇಟು ಇಳಿಯುತ್ತದೆ, ಸಾಲಿನಲ್ಲಿ ಹಿಂದೆ ನಿಂತವರ ಹುಬ್ಬು ಏರುತ್ತದೆ. ಕಿರುಗಾವಲಿನಿಂದ ಒಳದಾರಿ ಹಿಡಿದರೆ ಸಿಗುವ ನಮ್ಮ ಹಳ್ಳಿಯಲ್ಲಿ ಸೀಮೆಹಸು ಇಲ್ಲದ ಮನೆ ಕಡಿಮೆ. ಹಾಗಾಗಿ ಈ ಪರೀಕ್ಷೆಯಿಂದ ತಪ್ಪಿಸಿಕೊಂಡವರೂ ಕಡಿಮೆ.

ನಾನು ಕೂತಿದ್ದದ್ದು ಬೇರೆ ಪರೀಕ್ಷೆಗೆ. ಮಳವಳ್ಳಿಯ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ವರ್ಷಗಟ್ಟಲೆ ಅದೇ ಕೊಠಡಿ, ಅದೇ ಮುರಿದ ಫ್ಯಾನು, ಆದರೂ ಅತಿಥಿಯೇ. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಆ ವರ್ಷ ಪ್ರಾಂಶುಪಾಲರು ನನ್ನನ್ನು ಕರೆಸಿ, ಇನ್ನು ಮುಂದೆ ಡಾಕ್ಟರೇಟ್ ಇದ್ದವರಿಗೆ ಮೊದಲು ಕ್ಲಾಸು, ಉಳಿದರೆ ಮಿಕ್ಕವರಿಗೆ ಎಂದರು. ಉಳಿಯುವುದಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ನನ್ನ ಪಿಎಚ್‌ಡಿ ನೋಂದಣಿ ಕೂಡ ಕೊನೆಯ ಸಲ ವಿಸ್ತರಣೆಯಾಗಿ, ಆ ಅವಧಿಯೂ ಮುಗಿಯುತ್ತ ಬಂದಿತ್ತು. ಆ ವರ್ಷ ಪ್ರಬಂಧ ಒಪ್ಪಿಸದಿದ್ದರೆ ಡಾಕ್ಟರೇಟೂ ಇಲ್ಲ, ಕೆಲಸವೂ ಇಲ್ಲ. ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೆ ಸೀರೆ ಅಂಗಡಿಯ ಗಲ್ಲಾದ ಹಿಂದೆ ನಿಂತು ಬಿಲ್ಲು ಹಾಕುವ ನನ್ನನ್ನು ನಾನೇ ಕಲ್ಪಿಸಿಕೊಂಡು ಬೆವರುತ್ತಿದ್ದೆ.

ನನ್ನ ಮಾರ್ಗದರ್ಶಕರು ಮಂಡ್ಯದಲ್ಲಿದ್ದರು. ಅರ್ಥಶಾಸ್ತ್ರ, ವಾಣಿಜ್ಯ, ನಿರ್ವಹಣೆ ಎಲ್ಲವನ್ನೂ ಓದಿಕೊಂಡವರು. ಆದರೆ ಅವರು ಮನಸಾರೆ ನಂಬಿದ್ದ ಸಿದ್ಧಾಂತ ಒಂದೇ: ಖಾಲಿ ಕೈಯಲ್ಲಿ ಬರುವ ವಿದ್ಯಾರ್ಥಿ ಖಾಲಿ ತಲೆಯಲ್ಲೇ ಬಂದಿರುತ್ತಾನೆ. ಮಳವಳ್ಳಿಯಿಂದ ಮಂಡ್ಯಕ್ಕೆ ನೇರ ಬಸ್ಸಿದ್ದರೂ ನಾನು ಮದ್ದೂರು ಸುತ್ತಿಕೊಂಡೇ ಹೋಗುತ್ತಿದ್ದೆ, ವಡೆ ಕಟ್ಟಿಸಿಕೊಳ್ಳಲು. ಯುಗಾದಿಯ ಮರುದಿನದ ಹೊಸತೊಡಕಿಗೆ ಬಂಡೂರು ಕುರಿಯ ಮಾಂಸ ನನ್ನ ಕಡೆಯಿಂದಲೇ ಹೋಗಬೇಕು. ಅವರು ಅದನ್ನು ತಪ್ಪು ಎಂದು ಎಂದೂ ಭಾವಿಸಲಿಲ್ಲ. "ಪ್ರಾದೇಶಿಕ ಆರ್ಥಿಕತೆಯನ್ನ ಬಾಯಲ್ಲಿ ಇಟ್ಟುಕೊಂಡು ನೋಡಬೇಕಮ್ಮ" ಎನ್ನುತ್ತಿದ್ದರು. ನಾನು ಬರೆದ ಅಧ್ಯಾಯಗಳಿಗಿಂತ ನಾನು ಒಯ್ದ ವಡೆಯನ್ನು ಅವರು ಹೆಚ್ಚು ಗಮನವಿಟ್ಟು ಪರಿಶೀಲಿಸಿದ್ದಾರೆ ಎಂದು ಧೈರ್ಯವಾಗಿ ಹೇಳಬಲ್ಲೆ.

ವಿಷಯವನ್ನೂ ಅವರೇ ಆರಿಸಿಕೊಟ್ಟರು. ಹಾಲು ಉತ್ಪಾದಕ ಮಹಿಳೆಯರಲ್ಲಿ ಸ್ವಯಂಚಾಲಿತ ಹಾಲು ಪರೀಕ್ಷಾ ತಂತ್ರಜ್ಞಾನದ ಸ್ವೀಕಾರ ಮತ್ತು ತೃಪ್ತಿ: ಒಂದು ಅಧ್ಯಯನ. ಹೆಸರು ಇಷ್ಟುದ್ದ ಇದ್ದರೂ ಅರ್ಥ ಇಷ್ಟೇ. ನಮ್ಮೂರಿನ ಡೇರಿಗೆ ಹಾಲು ಹಾಕುವ ಹೆಂಗಸರಿಗೆ ಆ ಮಿಷಿನ್ನು ಇಷ್ಟವೋ ಇಲ್ಲವೋ? ನಾನು ಹುಟ್ಟಿ ಬೆಳೆದ ಊರು, ನನ್ನ ಅವ್ವನೂ ಅಲ್ಲಿ ಹಾಲು ಹಾಕುವವಳೇ. ಇದಕ್ಕೆ ಸಂಶೋಧನೆ ಯಾಕೆ, ಡೇರಿಯ ಮುಂದೆ ಒಂದು ಬೆಳಿಗ್ಗೆ ನಿಂತರೆ ಬೈಗುಳ ಕಿವಿಗೆ ಬೀಳುತ್ತದಲ್ಲ ಎಂದು ನಾನು ಕೇಳಿದೆ. ಕಿವಿಗೆ ಬಿದ್ದದ್ದು ದತ್ತಾಂಶವಲ್ಲ ಎಂದರು ಮಾರ್ಗದರ್ಶಕರು.

ದತ್ತಾಂಶ ಎಂದರೆ ಪ್ರಶ್ನಾವಳಿ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು ಯಾರೆಂದು ನನಗೆ ಈಗಲೂ ಗೊತ್ತಿಲ್ಲ, ಗೊತ್ತಾದರೆ ಒಂದು ಮಾತು ಕೇಳುವುದಿದೆ. "ಸದರಿ ತಂತ್ರಜ್ಞಾನವು ನನ್ನ ದೈನಂದಿನ ಕಾರ್ಯಕ್ಷಮತೆಯನ್ನು ವರ್ಧಿಸುತ್ತದೆಂದು ನಾನು ಗ್ರಹಿಸುತ್ತೇನೆ." ಇದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಪ್ಪುವುದೇ ಇಲ್ಲ ಎಂದರೆ ಒಂದು, ಪೂರಾ ಒಪ್ಪುತ್ತೇನೆ ಎಂದರೆ ಐದು. ನಾನು ಪ್ರಶ್ನೆ ಓದಬೇಕು, ಅಂಕ ಬರೆದುಕೊಳ್ಳಬೇಕು. ಅದರಾಚೆ ವಿವರಿಸಕೂಡದು, ತಲೆ ಅಲ್ಲಾಡಿಸಕೂಡದು. ನಾನು ಬಾಯಿ ಬಿಟ್ಟರೆ ಉತ್ತರ ಕೆಡುತ್ತದೆ ಎಂದು ಮಾರ್ಗದರ್ಶಕರು ಹೇಳಿ ಕಳಿಸಿದ್ದರು.

ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ಬಳಿದು, ಹೆಂಗಸರು ಸ್ವಲ್ಪ ಕೂರುವ ಹೊತ್ತಿಗೆ ನಾನು ಮನೆಮನೆಗೆ ಹೋದೆ. ಎಲ್ಲರೂ ಮೊದಲು ಕಾಫಿ ಕೊಟ್ಟರು, ಆಮೇಲೆ ಮಿಷಿನ್ನಿಗೆ ಬೈದರು, ಆಮೇಲೆ ಅಂಕ ಕೊಟ್ಟರು. ನಮ್ಮ ಬೀದಿಯ ದೊಡ್ಡವ್ವ ಒಬ್ಬಳಿದ್ದಾಳೆ. ರಕ್ತಸಂಬಂಧವಲ್ಲ, ಆದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ಜಗುಲಿಯಲ್ಲಿ ಕೂತು ಮೊದಲ ಪ್ರಶ್ನೆ ಓದಿದೆ. ಅವಳು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು.

"ಇದು ಕನ್ನಡವೇನಮ್ಮಿ?" ಎಂದಳು.

"ಹೂಂ ದೊಡ್ಡವ್ವ. ಮಿಷಿನ್ನು ಹೇಗಿದೆ ಅಂತ ಅಂಕ ಹಾಕಬೇಕು."

"ಆ ಮಿಷಿನ್ನಿಗೆ ಬೆಂಕಿ ಬೀಳ. ಒಂದೇ ಅಸೀನ ಆಲು ಕಣಮ್ಮಿ. ನಾ ತಗಂಡೋದ್ರೆ ಒಂದು ನಂಬ್ರು, ನನ್ ಸೊಸೆ ತಗಂಡೋದ್ರೆ ಒಂದು ನಂಬ್ರು. ಅಸಾನೂ ಒಂದೇ, ಕೆಚ್ಚಲೂ ಒಂದೇ. ಅದೆಂಗೆ ಬತ್ತದೆ, ನೀನೇ ಏಳು." ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. "ಅದೆಲ್ಲ ಇರ್ಲಿ ಬುಡು. ಐದಕ್ಕೆ ಐದು ಆಕ್ಕೊ."

ನನಗೆ ವಿಚಿತ್ರ ಅನ್ನಿಸಿತು. ಆದರೆ ಬಾಯಿ ಬಿಡಬಾರದಲ್ಲ, ಬಿಡಲಿಲ್ಲ. ಮುಂದಿನ ಮನೆಯಲ್ಲೂ ಐದು, ಅದರ ಮುಂದಿನ ಮನೆಯಲ್ಲೂ ಐದು. ಒಬ್ಬಾಕೆ ಪ್ರಶ್ನೆ ಕೇಳುವುದಕ್ಕೂ ಮೊದಲೇ ಎಲ್ಲದಕ್ಕೂ ಐದು ಬರೆದುಕೊಳ್ಳಲು ಹೇಳಿ ಒಲೆಯ ಮೇಲಿನ ಸಾರು ನೋಡಲು ಒಳಗೆ ಹೋದಳು. ಊರೆಲ್ಲ ಮುಗಿಯುವ ಹೊತ್ತಿಗೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಬಾಯಲ್ಲಿ ಬೈದರೂ ಮನಸ್ಸಿನಲ್ಲಿ ನಮ್ಮವರು ತಂತ್ರಜ್ಞಾನವನ್ನು ಒಪ್ಪಿದ್ದಾರೆ, ಇದೇ ನನ್ನ ಪ್ರಬಂಧದ ಹೊಸ ಒಳನೋಟ ಎಂದುಕೊಂಡೆ.

ಒಳನೋಟವನ್ನು ಮಂಡ್ಯದ ನೂರಡಿ ರಸ್ತೆಯ ಒಂದು ಅಂಗಡಿಗೆ ಒಯ್ದೆ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಥೀಸಿಸ್ ಬೈಂಡಿಂಗ್ ಎಂದಿದ್ದು, ಕೆಳಗೆ ಹೊಸ ಬಣ್ಣದಲ್ಲಿ ಡೇಟಾ ಅನಾಲಿಸಿಸ್ ಎಂದು ಸೇರಿಸಲಾಗಿತ್ತು. ಅಂಗಡಿಯ ಸಾಹೇಬರು ಮೊದಲು ಟೈಪಿಂಗ್ ಮಾಡುತ್ತಿದ್ದವರು. ಜಿಲ್ಲೆಯ ಅರ್ಧದಷ್ಟು ಡಾಕ್ಟರುಗಳು ತಮ್ಮ ಕಂಪ್ಯೂಟರಿನ ಹೊಟ್ಟೆಯಿಂದಲೇ ಹುಟ್ಟಿದ್ದು ಎಂಬ ಹೆಮ್ಮೆ ಅವರಿಗೆ. ನನ್ನ ಅಂಕಗಳನ್ನೆಲ್ಲ ತುಂಬಿ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇದು ಆಗಲ್ಲ ಮೇಡಂ. ಊರಿಗೂರೇ ಒಂದೇ ಮಾತು ಹೇಳಿದ್ರೆ ಕಂಪ್ಯೂಟ್ರು ಏನು ಲೆಕ್ಕ ಹಾಕ್ತದೆ? ಒಬ್ರಿಗೂ ಇನ್ನೊಬ್ರಿಗೂ ವ್ಯತ್ಯಾಸ ಇರಬೇಕು, ಸಣ್ಣದಾದ್ರೂ."

"ಎಲ್ಲರಿಗೂ ತೃಪ್ತಿ ಇದ್ದರೆ?"

"ಎಲ್ಲರಿಗೂ ತೃಪ್ತಿ ಇದ್ರೆ ಪಿಎಚ್‌ಡಿ ಆಗಲ್ಲ." ನನ್ನ ಮುಖ ನೋಡಿ ಅವರಿಗೆ ಕನಿಕರವಾಯಿತು. "ಬೇಕಾದ್ರೆ ನಾನೇ ಅಲ್ಲಲ್ಲಿ ಎರಡು, ಮೂರು ಉದುರಿಸಿಕೊಡ್ತೀನಿ. ಕೊತ್ತಂಬರಿ ಉದುರಿಸ್ದಂಗೆ. ಯಾರಿಗೂ ಗೊತ್ತಾಗಲ್ಲ."

ನಾನು ಬೇಡವೆಂದೆ. ದೊಡ್ಡ ಪ್ರಾಮಾಣಿಕಳೆಂದಲ್ಲ. ಅದರಲ್ಲಿ ನನ್ನ ಅವ್ವನ ಉತ್ತರವೂ ಇತ್ತು. ಅವ್ವನ ಮಾತನ್ನು ತಿದ್ದಿ ಈ ಭೂಮಿಯ ಮೇಲೆ ಯಾರೂ ನೆಮ್ಮದಿಯಿಂದ ಇದ್ದದ್ದನ್ನು ನಾನು ಕಂಡಿಲ್ಲ.

ಆ ಸಂಜೆ ಊರಿಗೆ ಹೋದವಳೇ ಅವ್ವನನ್ನು ಹಿಡಿದೆ. ಅವಳು ಹಾಲು ಕರೆಯಲು ಕೂತಿದ್ದಳು. ಮಿಷಿನ್ನಿಗೆ ಅಷ್ಟು ಬೈಯುವವಳು ಐದು ಯಾಕೆ ಕೊಟ್ಟೆ ಎಂದು ಕೇಳಿದೆ.

"ಮಿಷಿನ್ನಿಗೆ ಯಾಕ್ ಕೊಡ್ಲಿ? ನಿಂಗೆ ಕೊಟ್ಟೆ." ಅವ್ವ ಕೈ ನಿಲ್ಲಿಸಲಿಲ್ಲ. "ನೀ ಡಾಕ್ಟ್ರು ಪರೀಕ್ಸೆಗೆ ಕಟ್ಟಿದ್ದೀಯ, ಊರೋರು ಮಾರ್ಕ್ಸ್ ಆಕ್ಬೇಕಂತೆ ಅಂತ ಸಂಘದಲ್ಲಿ ಮಾತಾಯ್ತು. ನಮ್ಮುಡ್ಗಿ ಬಿಸ್ಲಲ್ಲಿ ಮನೆಮನೆ ಅಲಿತಾಳೆ, ಯಾರೂ ಮಾರ್ಕ್ಸ್ ಮುರೀಬ್ಯಾಡಿ ಅಂತ ನಿನ್ ದೊಡ್ಡವ್ವ ಎಲ್ರಿಗೂ ಏಳಿದ್ಲು. ಎತ್ತ ಮಗಳಿಗೆ ನಾನು ನಾಕು ಆಕ್ಲಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯೋಚಿಸಿದರೆ ತಪ್ಪೂ ಅಲ್ಲ. ಹೊತ್ತೊತ್ತಿಗೂ ಮಿಷಿನ್ನಿನಿಂದ ನಂಬರು ಹಾಕಿಸಿಕೊಂಡು ಬಂದ ಹೆಂಗಸರ ಕೈಗೆ ಮೊದಲ ಸಲ ನಂಬರು ಹಾಕುವ ಅಧಿಕಾರ ಬಂದಿತ್ತು. ಅದನ್ನು ಅವರು ಒಬ್ಬಳ ಹೊಟ್ಟೆಪಾಡಿನ ಮೇಲೆ ಪ್ರಯೋಗಿಸಲಿಲ್ಲ. ಊರಿಗೂರೇ ಸೇರಿ ನನ್ನನ್ನು ಪಾಸು ಮಾಡಿತ್ತು, ಅದಕ್ಕೇ ನಾನು ಫೇಲಾಗುವುದರಲ್ಲಿದ್ದೆ.

ಮಾರ್ಗದರ್ಶಕರಿಗೆ ಫೋನು ಮಾಡಿದೆ. ಹಾಗಾದರೆ ಎಲ್ಲರನ್ನೂ ಸೇರಿಸಿ ವಿವರಿಸು, ಇನ್ನೊಂದು ಸುತ್ತು ಮಾಡು ಎಂದರು. ಒಂದು ಭಾನುವಾರ ಬೆಳಗಿನ ಹಾಲು ಮುಗಿದ ಮೇಲೆ ಡೇರಿಯ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ. ಈ ಅಂಕ ನನಗಲ್ಲ, ಮಿಷಿನ್ನಿಗೆ. ನೀವು ಕಡಿಮೆ ಹಾಕಿದರೆ ನನಗೇನೂ ಆಗುವುದಿಲ್ಲ. ಮನಸ್ಸಿನಲ್ಲಿ ಇರುವುದನ್ನೇ ಹೇಳಿ. ಹೆಂಗಸರು ಖಾಲಿ ಪಾತ್ರೆಗಳನ್ನು ಸೊಂಟಕ್ಕಿಟ್ಟುಕೊಂಡು ಶ್ರದ್ಧೆಯಿಂದ ಕೇಳಿದರು. ನಾನು ಗಮನಿಸದೇ ಹೋದದ್ದು ಒಂದೇ. ನನ್ನ ಬೆನ್ನ ಹಿಂದೆ ಡೇರಿಯ ಸೆಕ್ರೆಟರಿ ಕೂತಿದ್ದ.

ಸೆಕ್ರೆಟರಿ ಎಂದರೆ ಹೊರಗಿನವನಲ್ಲ, ನನಗೆ ವರಸೆಯಲ್ಲಿ ಅಣ್ಣ, ಅರ್ಧ ಊರಿಗೆ ಮಗನೋ ಅಳಿಯನೋ ಆಗಬೇಕಾದವನು. ನಾಲ್ಕು ಸಲ ಪಟ್ಟಣಕ್ಕೆ ಓಡಾಡಿ, ಸಾಹೇಬರುಗಳ ಬಾಗಿಲು ಕಾದು ಆ ಮಿಷಿನ್ನು ತಂದವನು. ಅದರ ಮೇಲೆ ದಿನಾ ಬಟ್ಟೆ ಹೊದಿಸಿ, ಆಯುಧಪೂಜೆಗೆ ಕುಂಕುಮ ಹಚ್ಚುವವನು. ಹೆಂಗಸರಿಗೆ ಈಗ ಇಕ್ಕಟ್ಟಾಯಿತು. ಐದು ಹಾಕಿದರೆ ನಾನು ಬೇಡ ಎನ್ನುತ್ತೇನೆ. ಕಡಿಮೆ ಹಾಕಿದರೆ ಅವನ ಮುಖ ಬಾಡುತ್ತದೆ. ಇಬ್ಬರೂ ಮನೆಮಕ್ಕಳೇ. ಅವರು ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಗುಸುಗುಸು ಮಾಡಿ ಒಂದು ತೀರ್ಮಾನಕ್ಕೆ ಬಂದರು. ಮೂರು. ಯಾರಿಗೂ ನೋವಿಲ್ಲ, ಯಾರಿಗೂ ಲಾಭವಿಲ್ಲ. ನಾನು ಮನೆಮನೆಗೆ ಹೋದಾಗ ಮೂರು, ಮೂರು, ಮೂರು.

ಒಬ್ಬಳು ಮಾತ್ರ ಒಂದು ಹಾಕಿದಳು. ದೊಡ್ಡವ್ವ.

ಅದಕ್ಕೆ ಕಾರಣ ಇಡೀ ಊರಿಗೆ ಗೊತ್ತಿತ್ತು. ನನ್ನ ಎರಡು ಸುತ್ತುಗಳ ನಡುವೆ ಸೆಕ್ರೆಟರಿ ತನ್ನ ಹುಲ್ಲಿನ ಮೆದೆಯನ್ನು ದೊಡ್ಡವ್ವನ ಹಿತ್ತಲಿನೊಳಕ್ಕೆ ಒಂದಷ್ಟು ಸರಿಸಿ ಒಟ್ಟಿದ್ದ. ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಅಂದಮೇಲೆ ಅವನ ಮಿಷಿನ್ನಿಗೆ ಮೂರು ಹಾಕುವಷ್ಟು ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬರಬೇಕು? "ಒಂದ್ಕಿಂತ ಕಮ್ಮಿ ಇಲ್ವೇನಮ್ಮಿ?" ಎಂದು ನನ್ನನ್ನು ಕೇಳಿದ್ದಳು.

ಎಲ್ಲ ಮುಗಿಯಿತು ಎಂದುಕೊಂಡೇ ಮಾರ್ಗದರ್ಶಕರ ಮುಂದೆ ಕೂತೆ. ಅವರು ವಡೆ ಮುರಿಯುತ್ತ ಎರಡೂ ಸುತ್ತಿನ ಅಂಕಗಳನ್ನು ನೋಡಿದರು. ಅವರ ಅಗಿಯುವಿಕೆ ನಿಂತಿತು. ಅವರನ್ನು ನಾನು ಎಷ್ಟೇ ಆಡಿಕೊಂಡರೂ ಆ ಗಳಿಗೆಯಲ್ಲಿ ಅವರಿಗೆ ಹೊಳೆದದ್ದು ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ.

"ನೀನು ಕಟ್ಟೆ ಮೇಲೆ ನಿಂತು ಮಾತಾಡಿದೆಯಲ್ಲ, ಅದು ಏನು?"

"ವಿವರಣೆ ಸರ್."

"ಅಲ್ಲ. ಜಾಗೃತಿ ಕಾರ್ಯಕ್ರಮ. ಮೊದಲನೇದು ಜಾಗೃತಿಗೆ ಮುಂಚೆ, ಎರಡನೇದು ಜಾಗೃತಿಯ ನಂತರ. ಐದು ಇದ್ದದ್ದು ಮೂರಕ್ಕೆ ಇಳಿದಿದೆ." ಕೈ ಒರೆಸಿಕೊಂಡು ಪೆನ್ನು ತೆಗೆದರು. "ಬರೆದುಕೊ. ತಂತ್ರಜ್ಞಾನದ ಬಗ್ಗೆ ಅರಿವು ಹೆಚ್ಚಾದಂತೆಲ್ಲ ತೃಪ್ತಿ ಕಡಿಮೆಯಾಗುತ್ತದೆ."

ಇದಕ್ಕಿಂತ ಒಳ್ಳೆಯ ವಾಕ್ಯ ನನ್ನ ಪ್ರಬಂಧದಲ್ಲಿ ಇಲ್ಲ. ಅದರಲ್ಲಿ ಸುಳ್ಳು ಯಾವುದು ಎಂದು ಬೆರಳಿಟ್ಟು ತೋರಿಸಲು ಇವತ್ತಿಗೂ ನನ್ನಿಂದ ಆಗಿಲ್ಲ. ಅಂಕಗಳೆಲ್ಲ ನಿಜ, ಭಾಷಣವೂ ನಿಜ. ನೂರಡಿ ರಸ್ತೆಯ ಸಾಹೇಬರು ಗುಂಡಿ ಒತ್ತಿದಾಗ ಕಂಪ್ಯೂಟರು ಈ ಸಲ ತಕರಾರು ಮಾಡಲಿಲ್ಲ. ಫಲಿತಾಂಶದ ಪಕ್ಕದಲ್ಲಿ, ಲೆಕ್ಕ ಗಟ್ಟಿಯಾಗಿದೆ ಎಂಬುದಕ್ಕೆ, ನಕ್ಷತ್ರದ ಗುರುತುಗಳು ಬಂದವು. ಅವರು ನನಗೆ ಟೀ ತರಿಸಿದರು.

ಮಾರ್ಗದರ್ಶಕರು ಅಷ್ಟಕ್ಕೇ ಸುಮ್ಮನಿರದೆ, ಒಂದು ಎಂಬ ಆ ಒಂಟಿ ಅಂಕ ಕಣ್ಣಿಗೆ ಹೊಡೆಯುತ್ತಿದೆ, ತೆಗೆದುಬಿಡಿ ಎಂದು ಹೇಳಿ ಕಳಿಸಿದ್ದರು. ಸಾಹೇಬರು ತೆಗೆದು ನೋಡಿದರು. ಲೆಕ್ಕ ಮತ್ತೆ ನಿಂತುಹೋಯಿತು. ಎಲ್ಲರೂ ಐದರಿಂದ ಮೂರಕ್ಕೆ ಇಳಿದರೆ ಮತ್ತೆ ಒಬ್ಬರಿಗೊಬ್ಬರಿಗೆ ವ್ಯತ್ಯಾಸವೇ ಇಲ್ಲ. "ನೋಡಿ ಮೇಡಂ, ಈ ಅಜ್ಜಿ ಇದ್ರೆ ನೀವು ಡಾಕ್ಟ್ರು. ಅಜ್ಜಿ ಹೋದ್ರೆ ನೀವೂ ಹೋದ್ರಿ" ಎಂದು ಅವಳನ್ನು ಮತ್ತೆ ಒಳಗೆ ಸೇರಿಸಿದರು. ನನ್ನ ಅಷ್ಟು ವರ್ಷಗಳ ಓದು ಕೊನೆಗೆ ಒಂದು ಹುಲ್ಲಿನ ಮೆದೆಯ ಮೇಲೆ ನಿಂತಿತ್ತು.

ಪ್ರಬಂಧ ಒಪ್ಪಿಸಿದೆ. ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಸಾರ್ವಜನಿಕರಿಗೆ ಮುಕ್ತ ಪ್ರವೇಶ ಎಂದು ಪ್ರಕಟಣೆಯಲ್ಲಿ ಇರುತ್ತದೆ. ಸಾರ್ವಜನಿಕರು ಎಂದರೆ ಸಾಮಾನ್ಯವಾಗಿ ಬಿಸ್ಕತ್ತಿಗೆ ಬರುವ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು. ನಾನು ಅವ್ವನಿಗೆ ಬಾಯಿಮಾತಿಗೆ ಹೇಳಿದ್ದೆ. ಅವತ್ತು ಮಂಡ್ಯದಲ್ಲಿ ವಿಶ್ವವಿದ್ಯಾಲಯದ ವಿಭಾಗದ ಮುಂದೆ ಡೇರಿಯ ಕ್ಯಾನು ಸಾಗಿಸುವ ಟೆಂಪೋ ಬಂದು ನಿಂತಿತು. ಹಿಂದೆ ಜಮಖಾನ ಹಾಸಿಕೊಂಡು ಹೆಂಗಸರು, ಕಜ್ಜಾಯದ ಡಬ್ಬ, ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸೆಕ್ರೆಟರಿ. ದೊಡ್ಡವ್ವ ಅವನ ಕಡೆಗೆ ಬೆನ್ನು ಹಾಕಿಕೊಂಡೇ ಇಳಿದಳು. ಹೆಂಗಸರೆಲ್ಲ ಮುಂದಿನ ಸಾಲುಗಳಲ್ಲಿ ಕೂತರು. ಅವರಲ್ಲೊಬ್ಬಳು ಮಾರ್ಗದರ್ಶಕರನ್ನು ಕೇಳಿದಳು: "ಸಂಜೆ ಆಲಿನ ವತ್ಗೆ ಬುಡ್ತೀರಾ ಸಾ?"

ಹೊರಗಿನ ಪರೀಕ್ಷಕರು ಉತ್ತರ ಕರ್ನಾಟಕದ ಕಡೆಯವರು, ನಿಧಾನದ ಮನುಷ್ಯ, ಪ್ರಬಂಧವನ್ನು ನಿಜವಾಗಿ ಓದಿಕೊಂಡು ಬಂದಿದ್ದರು. ಅದೇ ನನ್ನ ದುರದೃಷ್ಟ ಎಂದುಕೊಂಡೆ. ನಾನು ಮಾತು ಮುಗಿಸುತ್ತಲೇ ಅವರು ಒಂದು ಪುಟದ ಮೇಲೆ ಬೆರಳಿಟ್ಟರು.

"ಎಲ್ಲಾರೂ ಮೂರು ಕೊಟ್ಟಾರ, ಇವರೊಬ್ಬರು ಒಂದು ಕೊಟ್ಟಾರ. ಇವರನ್ನ ಬಿಟ್ಟರ ನಿಮ್ಮ ಲೆಕ್ಕನ ನಿಲ್ಲೂದಿಲ್ಲ. ಇವರು ವಿಚಾರ ಮಾಡಿ ಕೊಟ್ಟಾರೋ, ಸುಮ್ಮನ ಕೊಟ್ಟಾರೋ? ಸುಮ್ಮನ ಕೊಟ್ಟಿದ್ದರ ಇದನ್ನ ತೆಗೀಬೇಕಾಗ್ತದ."

ಮಾರ್ಗದರ್ಶಕರು ಕಿಟಕಿಯಾಚೆ ನೋಡತೊಡಗಿದರು. ನಾನು ಏನಾದರೂ ಹೇಳುವುದರೊಳಗೆ ಎರಡನೆಯ ಸಾಲಿನಿಂದ ಮಾತು ಬಂತು.

"ಅದು ನಾನೇ ಸಾ." ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು.

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಹೌದೇನವಾ? ಯಾಕ ಒಂದು ಕೊಟ್ಟಿ?"

ಇಡೀ ಸಾಲು ಸೆಕ್ರೆಟರಿಯ ಕಡೆಗೆ ತಿರುಗಿತು. ಮೆದೆಯ ಮಾತು ಬರುತ್ತದೆ, ಅದರೊಂದಿಗೆ ನಾನೂ ಮುಗಿದೆ ಎಂದು ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಇವ್ನ ಮೇಲಿನ ಸಿಟ್ಗೆ ಆಕ್ದೆ ಅಂತ ಊರೆಲ್ಲ ಅಂದ್ಕಂಡದೆ ಸಾ. ಸಿಟ್ಟು ಅದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಮಿಷಿನ್ನು ಸರಿಯಿಲ್ಲ ಅನ್ನೋದೂ ದಿಟವೇ. ಸಿಟ್ಟಿತ್ತು, ಅದ್ಕೆ ದಿಟ ಏಳ್ದೆ. ಇವ್ನ ಜೊತೇಲಿ ಚೆನ್ನಾಗಿದ್ದಿದ್ರೆ ನಾನೂ ಇವ್ರಂಗೆ ಮೂರೇ ಆಕ್ತಿದ್ದೆ, ನಮ್ ಉಡ್ಗ ನೊಂದ್ಕತಾನೆ ಅಂತ."

ಸೆಕ್ರೆಟರಿ ತಲೆ ಬಗ್ಗಿಸಿಕೊಂಡು ತನ್ನ ಚಪ್ಪಲಿ ನೋಡುತ್ತಿದ್ದ. ಹೆಂಗಸರು ಯಾರೂ ಅವಳ ಮಾತು ಅಲ್ಲಗಳೆಯಲಿಲ್ಲ. ದೊಡ್ಡವ್ವ ಕೂರಲಿಲ್ಲ. ನನ್ನ ಮುಖ ಬಿಳಿಚಿಕೊಂಡಿರುವುದನ್ನು ಅವಳು ಆಗ ನೋಡಿದಳು. ಅವಳ ದನಿ ಒಮ್ಮೆಲೇ ಮೆತ್ತಗಾಯಿತು.

"ಇದ್ರಿಂದ ನಮ್ಮುಡ್ಗಿಗೆ ತೊಂದ್ರೆ ಆಯ್ತದೆ ಅನ್ನಂಗಿದ್ರೆ ಆ ಒಂದ ತೆಗ್ದು ಐದು ಆಕ್ಕಬುಡಿ ಸಾ. ಮಿಷಿನ್ನು ಎಂಗಾದ್ರೂ ಆಳಾಗೋಗ್ಲಿ. ಮಗ ಬಿಸ್ಲಲ್ಲಿ ಬಾಳ ಅಲ್ದವ್ಳೆ."

ಅಷ್ಟು ಜನರ ಮುಂದೆ ನನಗೆ ಕಣ್ಣು ತುಂಬಿ ಬಂತು. ಮರೆಮಾಡಲು ನೀರಿನ ಬಾಟಲಿ ಎತ್ತಿಕೊಂಡೆ, ಅದು ಖಾಲಿಯಾಗಿತ್ತು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ "ಆತವಾ, ಕೂಡ್ರಿ" ಎಂದು ಪುಟ ಮಗುಚಿದರು. ಮತ್ತೆ ಪ್ರಶ್ನೆ ಕೇಳಲಿಲ್ಲ. ನಮ್ಮನ್ನೆಲ್ಲ ಹೊರಗೆ ಕಳಿಸಿ, ಒಳಗೆ ಏನೋ ಬರೆದು, ಮತ್ತೆ ಕರೆದು, ಡಾಕ್ಟರೇಟಿಗೆ ಶಿಫಾರಸು ಮಾಡಿದ್ದೇವೆ ಎಂದು ಓದಿದರು. ಹೊರಡುವಾಗ ನನ್ನ ಹತ್ತಿರ ಬಂದು, "ಆ ಒಂದನ್ನ ಹಂಗಽ ಇಟ್ಟೀನಿ. ನಿಮ್ಮ ಥೀಸಿಸ್‌ನ್ಯಾಗ ಉತ್ತರ ಅಂತ ಇದ್ದದ್ದು ಅದೊಂದಽ" ಎಂದು ತಗ್ಗಿದ ದನಿಯಲ್ಲಿ ಹೇಳಿ ಕಜ್ಜಾಯ ತೆಗೆದುಕೊಂಡರು.

ಹಾಲಿನ ಹೊತ್ತು ಹತ್ತಿರವಾಗುತ್ತಿತ್ತು. ಟೆಂಪೋ ಹತ್ತುವ ಗಡಿಬಿಡಿಯಲ್ಲಿ ದೊಡ್ಡವ್ವ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಪಾಸಾ ಅಮ್ಮಿ?"

"ಪಾಸು ದೊಡ್ಡವ್ವ."

"ನಾ ಐದು ಆಕ್ಕಬುಡಿ ಅಂದ್ನಲ್ಲ, ಅದ್ಕೇ ತಾನೆ?"

ಅವಳ ಮುಖ ನೋಡಿದೆ.

"ಹೂಂ ದೊಡ್ಡವ್ವ" ಎಂದೆ. "ಅದಕ್ಕೇ."